ಕಿವಿಗೆ ಸರಿ, ಫ್ಯಾಕ್ಸಿಗೆ ಅಲ್ಲ

2007ರ ಮೇ ತಿಂಗಳ ಕೊನೆಯ ವಾರ. ಮಂಗಳೂರಿನ ಹಳೆಯ ಬಂದರಿನ ಸಮೀಪದ ಒಂದು ಹಡಗು ಏಜೆಂಟರ ಕಚೇರಿಗೆ ಫ್ಯಾಕ್ಸ್ ಸರ್ವರ್ ಕೂರಿಸುವ ಕೆಲಸ, ಮಳೆ ಹಿಡಿಯುವ ಮೊದಲು ಮುಗಿಸಿಕೊಡಬೇಕೆಂಬ ಷರತ್ತಿನೊಡನೆ ನಮ್ಮ ಪಾಲಿಗೆ ಬಂತು. ನಾವೆಂದರೆ ಮೂರೇ ಜನರ ಸಣ್ಣ ಸಂಸ್ಥೆ. ಕಂಪ್ಯೂಟರ್ ಜೋಡಿಸುವುದರಿಂದ ಹಿಡಿದು ಯುಪಿಎಸ್ ಬ್ಯಾಟರಿಗೆ ನೀರು ಹಾಕುವವರೆಗೆ ಎಲ್ಲವೂ ನಮ್ಮದೇ. ಕೇಬಲ್ ಎಳೆಯುವುದು ಎರಡು ದಿನ, ಸರ್ವರಿಗೆ ಒಂದು ದಿನ ಎಂದು ಲೆಕ್ಕ ಹಾಕಿ ದರ ಬರೆದುಕೊಟ್ಟವನು ನಾನು. ಕೆಲಸ ಮುಗಿದದ್ದು ಒಂಬತ್ತನೆಯ ದಿನ.

ಆ ಕಚೇರಿಯ ವ್ಯವಹಾರವೆಲ್ಲ ಕಾಗದದ ಮೇಲೆ ನಡೆಯುತ್ತಿತ್ತು. ಆಫ್ರಿಕಾದಿಂದ ಬರುವ ಕಚ್ಚಾ ಗೋಡಂಬಿಗೂ ಘಟ್ಟದ ಮೇಲಿಂದ ಇಳಿದು ಹೊರದೇಶಕ್ಕೆ ಹೋಗುವ ಕಾಫಿಗೂ ಸಂಬಂಧಪಟ್ಟ ಅರೈವಲ್ ನೋಟಿಸ್, ಬಿಲ್ ಆಫ್ ಲೇಡಿಂಗ್‌ನ ಪ್ರತಿ, ಡೆಲಿವರಿ ಆರ್ಡರ್ ಇವುಗಳು ದಿನವಿಡೀ, ಹಲವು ಬಾರಿ ನಡುರಾತ್ರಿಯಲ್ಲಿಯೂ, ಫ್ಯಾಕ್ಸಿನಲ್ಲಿ ಬರುತ್ತಿದ್ದವು. ಈಮೇಲ್ ಇರಲಿಲ್ಲವೆಂದಲ್ಲ, ಆದರೆ ಸಹಿ ಮತ್ತು ಮೊಹರು ಕಣ್ಣಿಗೆ ಕಾಣುವ ಕಾಗದವೇ ಅಲ್ಲಿ ಮಾತಿಗೆ ಸಾಕ್ಷಿಯಾಗಿತ್ತು. ಇದ್ದದ್ದು ಥರ್ಮಲ್ ರೋಲ್ ಬಳಸುವ ಒಂದೇ ಯಂತ್ರ. ರಾತ್ರಿ ರೋಲ್ ಮುಗಿದರೆ ಬೆಳಿಗ್ಗೆಯವರೆಗೆ ಏನೂ ಇಳಿಯುತ್ತಿರಲಿಲ್ಲ. ಇಳಿದ ಹಾಳೆಗಳು ಸುರುಳಿ ಸುತ್ತಿಕೊಂಡು ಮೇಜಿನ ಕೆಳಗೆ ಬಿದ್ದಿರುತ್ತಿದ್ದವು. ಶಾಖಕ್ಕೆ ಕಪ್ಪಾಗುವ ಲೇಪನದ ಆ ಕಾಗದದ ಅಕ್ಷರಗಳು ಕರಾವಳಿಯ ಸೆಕೆಯಲ್ಲಿ ಕೆಲವೇ ತಿಂಗಳಲ್ಲಿ ಮಾಸುತ್ತಿದ್ದುದರಿಂದ, ಹಿರಿಯ ಗುಮಾಸ್ತರು ಬಂದ ಪ್ರತಿಯೊಂದು ಫ್ಯಾಕ್ಸನ್ನೂ ಜೆರಾಕ್ಸ್ ಮಾಡಿಸಿ ಫೈಲಿಗೆ ಸೇರಿಸುತ್ತಿದ್ದರು. ಬಂದ ಫ್ಯಾಕ್ಸ್ ನೇರವಾಗಿ ಆಯಾ ಮೇಜಿನ ಕಂಪ್ಯೂಟರಿಗೆ ಹೋಗಬೇಕು, ಕಳುಹಿಸುವುದೂ ಅಲ್ಲಿಂದಲೇ ಆಗಬೇಕು ಎಂಬುದು ಮಾಲೀಕರ ಬೇಡಿಕೆ.

ತಂತ್ರಾಂಶದ ಆಯ್ಕೆಯಲ್ಲಿ ನನಗೆ ಗೊಂದಲವಿರಲಿಲ್ಲ. ಲಿನಕ್ಸ್ ಮೇಲೆ ನಡೆಯುವ, ಉಚಿತವಾಗಿ ಸಿಗುವ ಹೈಲಾಫ್ಯಾಕ್ಸನ್ನು ಹಿಂದೆ ಒಮ್ಮೆ ಬಳಸಿದ್ದೆ. ಸ್ಯಾಮ್ ಲೆಫ್ಲರ್ ಅವರು ಸಿಲಿಕಾನ್ ಗ್ರಾಫಿಕ್ಸ್‌ನಲ್ಲಿದ್ದಾಗ ರೂಪಿಸಿದ ಈ ತಂತ್ರಾಂಶಕ್ಕೆ ಮೊದಲು ಫ್ಲೆಕ್ಸ್‌ಫ್ಯಾಕ್ಸ್ ಎಂಬ ಹೆಸರಿತ್ತು; ಟಿಫ್ ಚಿತ್ರಗಳನ್ನು ಓದಿ ಬರೆಯುವ ಲಿಬ್‌ಟಿಫ್ ಕೂಡ ಮೂಲತಃ ಅವರದೇ. ಇದರಲ್ಲಿ ಕೆಲಸ ಮೂರು ಪಾಲಾಗಿದೆ. ಕಂಪ್ಯೂಟರನ್ನು ದೂರವಾಣಿ ಲೈನಿಗೆ ಜೋಡಿಸುವ ಮೋಡೆಮ್‌ನ ಬಾಗಿಲಲ್ಲಿ ಕಾಯುತ್ತ ಕರೆ ಬಂದಾಗ ಎತ್ತುವುದು ಒಂದು, ಹೊರಹೋಗುವ ಫ್ಯಾಕ್ಸುಗಳನ್ನು ಸರದಿಯಲ್ಲಿ ನಿಲ್ಲಿಸುವುದು ಇನ್ನೊಂದು, 4559ನೆಯ ಪೋರ್ಟಿನಲ್ಲಿ ಕಚೇರಿಯ ಕಂಪ್ಯೂಟರುಗಳ ಮಾತು ಕೇಳಿಸಿಕೊಳ್ಳುವುದು ಮತ್ತೊಂದು. ಮೂಲೆ ಸೇರಿದ್ದ ಒಂದು ಪೆಂಟಿಯಂ 4 ಯಂತ್ರವನ್ನು ಒರೆಸಿ ಇದಕ್ಕೆ ಮೀಸಲಿಟ್ಟೆವು. ಮೋಡೆಮ್ ಮಾತ್ರ ಹೊರಗಿನದೇ ಬೇಕೆಂದು ನಾನು ಹಟ ಹಿಡಿದೆ. ಕಂಪ್ಯೂಟರಿನೊಳಗೆ ಸಿಕ್ಕಿಸುವ ಅಗ್ಗದ ಕಾರ್ಡುಗಳು ತಮ್ಮ ಕೆಲಸವನ್ನು ಪ್ರೊಸೆಸರಿನ ಮೇಲೆ ಹೊರಿಸುತ್ತವೆ, ಅವುಗಳಿಗೆ ಲಿನಕ್ಸಿನಲ್ಲಿ ಡ್ರೈವರ್ ಹುಡುಕುವುದೂ ಒಂದು ತಪಸ್ಸು. ಹೊರಗಿನ ಮೋಡೆಮ್‌ಗಾದರೆ ಮುಖದ ಮೇಲೆ ದೀಪಗಳಿರುತ್ತವೆ, ಸದ್ದು ಕೇಳಿಸುವ ಸ್ಪೀಕರ್ ಇರುತ್ತದೆ, ಸ್ತಬ್ಧವಾದರೆ ಅದೊಂದನ್ನೇ ಆರಿಸಿ ಹೊತ್ತಿಸಬಹುದು. ಸೀರಿಯಲ್ ಕೇಬಲ್ಲನ್ನೂ ನೋಡಿಯೇ ತರಬೇಕು: ಕಳುಹಿಸುವ, ಪಡೆಯುವ ಮತ್ತು ಗ್ರೌಂಡ್ ಎಂಬ ಮೂರೇ ತಂತಿಗಳಿರುವ ಕೇಬಲ್‌ನಲ್ಲಿ, 'ತಡೆ, ಈಗ ಕಳುಹಿಸಬೇಡ' ಎಂದು ಮೋಡೆಮ್ ಹೇಳಲು ಪ್ರತ್ಯೇಕ ತಂತಿಯೇ ಇರುವುದಿಲ್ಲ.

ಕಟ್ಟಡ ಹಳೆಯದು. ಮುರಕಲ್ಲಿನ ಗೋಡೆ, ಮರದ ಅಟ್ಟ, ಮೇಲೆ ಹೆಂಚು. ಮುರಕಲ್ಲಿಗೆ ಡ್ರಿಲ್ ಇಟ್ಟವರಿಗೆ ಅದರ ಗುಣ ಗೊತ್ತು. ಒಂದು ಕಡೆ ಮಣ್ಣಿನಂತೆ ಉದುರುತ್ತದೆ, ಅರ್ಧ ಅಂಗುಲ ಆಚೆ ಕಬ್ಬಿಣದಂತೆ ನಿಂತು ಬಿಟ್ಟನ್ನು ಅಡ್ಡಕ್ಕೆ ತಳ್ಳುತ್ತದೆ. ಹೊಡೆದ ರಾವಲ್ ಪ್ಲಗ್‌ಗಳಲ್ಲಿ ಅರ್ಧದಷ್ಟು ಕೈಯಲ್ಲೇ ಕಿತ್ತು ಬಂದವು. ಕೊನೆಗೆ ಗೋಡೆಯ ಸಹವಾಸ ಬಿಟ್ಟು, ಅಟ್ಟದ ತೊಲೆಗಳಿಗೆ ಕೇಸಿಂಗ್ ಪಟ್ಟಿ ಹೊಡೆದು ಅದರೊಳಗೆ ಕ್ಯಾಟ್ 5ಇ ಕೇಬಲ್ ಹಾಯಿಸಿದೆವು. ಕರೆಂಟಿನ ವಯರುಗಳಿಂದಲೂ ಟ್ಯೂಬ್‌ಲೈಟ್ ಚೋಕುಗಳಿಂದಲೂ ದೂರ ಕಾಯ್ದುಕೊಂಡು ಸುತ್ತು ಬಳಸಿದ್ದರಿಂದ, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್ಚಿನಿಂದ ಹಿಂಬದಿಯ ಲೆಕ್ಕಪತ್ರ ವಿಭಾಗಕ್ಕೆ ನಲವತ್ತು ಮೀಟರಿಗೂ ಹೆಚ್ಚು ಉದ್ದವಾಯಿತು. ಈ ಬಗೆಯ ಕೇಬಲ್ಲಿಗಿರುವ ನೂರು ಮೀಟರಿನ ಮಿತಿಯೊಳಗೇ ಇದೆಯಲ್ಲ ಎಂದು ನಾನು ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ.

ಒಟ್ಟು ಹದಿನಾಲ್ಕು ಪಾಯಿಂಟುಗಳು. ಅರ್ಧವನ್ನು ನಾನು ಕ್ರಿಂಪ್ ಮಾಡಿದೆ, ಅಂದರೆ ಕೇಬಲ್ ತುದಿಗಳಿಗೆ ಪ್ಲಗ್ ಒತ್ತಿ ಕೂರಿಸಿದೆ, ಉಳಿದರ್ಧವನ್ನು ನಮ್ಮೊಡನೆ ಹೊಸದಾಗಿ ಸೇರಿದ್ದ ಹುಡುಗ ಮಾಡಿದ. ಪ್ರತಿ ಕೇಬಲ್‌ನ ಎರಡೂ ತುದಿಗೆ ಟೆಸ್ಟರ್ ಸಿಕ್ಕಿಸಿ ನೋಡಿದಾಗ ಒಂದರಿಂದ ಎಂಟರವರೆಗೆ ಹಸಿರು ದೀಪಗಳು ಕ್ರಮವಾಗಿ ಹೊತ್ತಿದವು. ಸರಿ ಎಂದು ಗುರುತು ಹಾಕಿದೆವು. ಮರುದಿನ ಮುಂಭಾಗದ ಮೇಜುಗಳಿಂದ ಪ್ರಯೋಗಕ್ಕೆ ಕಳುಹಿಸಿದ ಪುಟಗಳು ಕ್ಷಣದಲ್ಲಿ ಸರ್ವರಿನ ಸರದಿಗೆ ಸೇರಿದವು. ಲೆಕ್ಕಪತ್ರ ವಿಭಾಗದಿಂದ ಕಳುಹಿಸಿದ ಆರು ಪುಟಗಳ ಒಂದು ಸ್ಕ್ಯಾನ್ ಮಾತ್ರ ನಿಮಿಷಗಟ್ಟಲೆ ತೆವಳಿ ನಡುದಾರಿಯಲ್ಲಿ ನಿಂತುಬಿಟ್ಟಿತು. ಪಿಂಗ್ ಮಾಡಿದರೆ, ಅಂದರೆ ಮಾಹಿತಿಯ ಪುಟ್ಟ ಪ್ಯಾಕೆಟ್ಟೊಂದನ್ನು ಕಳುಹಿಸಿ ಮರುದನಿಗೆ ಕಾದರೆ, ಉತ್ತರ ಬರುತ್ತಿತ್ತು. ಪ್ಯಾಕೆಟ್ಟಿನ ಗಾತ್ರ ಹೆಚ್ಚಿಸಿ ಪಿಂಗ್ ಮಾಡಿದಾಗ ಹತ್ತರಲ್ಲಿ ಮೂರು ನಾಲ್ಕು ಕಾಣೆಯಾಗುತ್ತಿದ್ದವು. ಸ್ವಿಚ್ಚಿನ ಪೋರ್ಟ್ ಬದಲಿಸಿದೆ, ನೆಟ್‌ವರ್ಕ್ ಕಾರ್ಡ್ ಬದಲಿಸಿದೆ, ಫೈರ್‌ವಾಲ್ ಆರಿಸಿದೆ. ಅರ್ಧ ದಿನ ಹೋಯಿತು.

ಕಾರಣ ಸಿಕ್ಕಿದ್ದು ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿದಾಗ. ಹುಡುಗ ಜೋಡಿ ಜೋಡಿ ತಂತಿಗಳನ್ನು ಅಚ್ಚುಕಟ್ಟಾಗಿ ಪಕ್ಕಪಕ್ಕದಲ್ಲಿ ಕೂರಿಸಿದ್ದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು, ಬಿಳಿ-ನೀಲಿ, ನೀಲಿ, ಬಿಳಿ-ಕಂದು, ಕಂದು. ಎರಡೂ ತುದಿಯಲ್ಲಿ ಅದೇ ಕ್ರಮವಿದ್ದುದರಿಂದ ಟೆಸ್ಟರ್‌ಗೆ ಯಾವ ತಕರಾರೂ ಇರಲಿಲ್ಲ. ಈ ತುದಿಯ ಮೂರು ಆ ತುದಿಯ ಮೂರಕ್ಕೆ ತಲುಪಿದರೆ ಅದರ ಕೆಲಸ ಮುಗಿಯಿತು. ಆದರೆ ನೆಟ್‌ವರ್ಕಿನಲ್ಲಿ ಮೂರನೆಯ ಮತ್ತು ಆರನೆಯ ಪಿನ್ನುಗಳು ಒಂದು ಜೋಡಿ, ಅವೆರಡೂ ಒಂದಕ್ಕೊಂದು ಹೊಸೆದ ತಂತಿಗಳೇ ಆಗಿರಬೇಕು. ಹೊರಗಿನ ಗದ್ದಲ ಹೊಸೆದ ಎರಡೂ ತಂತಿಗಳ ಮೇಲೆ ಸಮನಾಗಿ ಬಿದ್ದಾಗ, ಅವುಗಳ ನಡುವಿನ ವ್ಯತ್ಯಾಸವನ್ನು ಮಾತ್ರ ಓದುವ ಕಾರ್ಡಿಗೆ ಆ ಗದ್ದಲ ಕಾಣಿಸುವುದಿಲ್ಲ. ಇಲ್ಲಿ ಮೂರು ಹಸಿರಿನ ಜೋಡಿಯಿಂದಲೂ ಆರು ನೀಲಿಯ ಜೋಡಿಯಿಂದಲೂ ಬಂದಿದ್ದವು. ಐದಾರು ಮೀಟರಿನ ಕೇಬಲ್ ಆಗಿದ್ದರೆ ಈ ತಪ್ಪು ಬಹುಶಃ ವರ್ಷಗಟ್ಟಲೆ ಅಡಗಿರುತ್ತಿತ್ತು. ಹುಡುಗನನ್ನು ಗದರಲು ಬಾಯಿ ತೆರೆದವನು ಸುಮ್ಮನಾದೆ, ಏಕೆಂದರೆ ಹಸಿರು ಜೋಡಿಯನ್ನು ಬಿಡಿಸಿ ನೀಲಿಯನ್ನು ಅದರ ನಡುವೆ ಕೂರಿಸುವ ಆ ವಿಚಿತ್ರ ಕ್ರಮ ಏಕೆ ಬೇಕೆಂದು ನಾನು ಅವನಿಗೆ ಹೇಳಿಯೇ ಇರಲಿಲ್ಲ. ಅವನ ಏಳು ಕೇಬಲ್‌ಗಳ ಹದಿನಾಲ್ಕು ತುದಿಗಳನ್ನು ಕತ್ತರಿಸಿ ಇಬ್ಬರೂ ಕೂತು ಹೊಸದಾಗಿ ಹಾಕಿದೆವು.

ಆಮೇಲೆ ದೂರವಾಣಿಯ ಕಡೆಯ ಕೆಲಸ. ಫ್ಯಾಕ್ಸ್‌ಆ್ಯಡ್‌ಮೋಡೆಮ್ ಎಂಬ ಆದೇಶ ಕೊಟ್ಟರೆ ಹೈಲಾಫ್ಯಾಕ್ಸ್ ಮನೆಗೆ ಬಂದ ಹೊಸ ಅಳಿಯನನ್ನು ವಿಚಾರಿಸುವಂತೆ ಒಂದೊಂದಾಗಿ ಪ್ರಶ್ನೆ ಕೇಳುತ್ತದೆ: ದೇಶದ ಸಂಖ್ಯೆ ಯಾವುದು, ಊರಿನದು ಯಾವುದು, ಎಷ್ಟು ರಿಂಗಿಗೆ ಎತ್ತಬೇಕು. 91, 824, ಎರಡು ಎಂದು ಉತ್ತರಿಸಿ, ಕಚೇರಿಯೊಳಗಿನ ದೂರವಾಣಿ ವಿನಿಮಯ ಪೆಟ್ಟಿಗೆಯಾದ ಇಪಿಎಬಿಎಕ್ಸಿನ ಒಂದು ಎಕ್ಸ್‌ಟೆನ್ಷನ್ನಿಗೆ ಮೋಡೆಮ್ ಜೋಡಿಸಿದೆ. ಮೊದಲ ಪ್ರಯತ್ನಕ್ಕೇ ಡಯಲ್ ಟೋನ್ ಇಲ್ಲ ಎಂಬ ಉತ್ತರ ಬಂತು. ಅದೇ ತಂತಿಗೆ ಫೋನ್ ಸಿಕ್ಕಿಸಿ ಕಿವಿಗಿಟ್ಟರೆ ಟೋನ್ ಧಾರಾಳವಾಗಿ ಕೇಳುತ್ತಿತ್ತು. ಮೋಡೆಮ್ ಕಾಯುತ್ತಿದ್ದುದು ಅದನ್ನು ತಯಾರಿಸಿದ ದೇಶದ ಡಯಲ್ ಟೋನಿಗಾಗಿ. ಅಮೆರಿಕದಲ್ಲಿ ಅದು 350 ಮತ್ತು 440 ಹರ್ಟ್ಸ್‌ನ ಎರಡು ಸ್ವರಗಳ ಬೆರಕೆ, ನಮ್ಮಲ್ಲಿ ಸುಮಾರು 400 ಹರ್ಟ್ಸ್‌ನ ಗುಂಯ್ ಎನ್ನುವ ಸದ್ದು. ಅದರ ಮೇಲೆ ಇಪಿಎಬಿಎಕ್ಸ್ ತನ್ನದೇ ರಾಗ ಸೇರಿಸುತ್ತಿತ್ತು. ಆರಂಭದ ಆದೇಶದಲ್ಲಿ ಎಕ್ಸ್3 ಎಂದು ಬರೆದು, ಟೋನಿಗೆ ಕಾಯದೆ ಡಯಲ್ ಮಾಡಲು ಹೇಳಿದೆ. ಹೊರಗಿನ ಲೈನಿಗಾಗಿ ಒಂದು ಸೊನ್ನೆ, ಅದರ ಮುಂದೆ ಎರಡು ಸೆಕೆಂಡು ತಡೆಯಲು ಒಂದು ಅಲ್ಪವಿರಾಮ. ಹೋಯಿತು. ಆದರೆ ಒಳಬರುವ ಕರೆಯನ್ನು ಪ್ರತಿ ಬಾರಿ ಆಪರೇಟರ್ ಎತ್ತಿ ದಾಟಿಸಬೇಕೆಂದರೆ ರಾತ್ರಿಯ ಫ್ಯಾಕ್ಸಿನ ಗತಿಯೇನು? ಹಳೆಯ ಯಂತ್ರದ ನೇರ ಲೈನನ್ನೇ ಸರ್ವರಿಗೆ ಕೊಡುವುದೆಂದು ತೀರ್ಮಾನವಾಯಿತು.

ನನ್ನ ಅಸಲು ತಪ್ಪು ನಡೆದದ್ದು ಇಲ್ಲಿಯೇ. ಹೊರಗಿನ ದೂರವಾಣಿ ತಂತಿ ಬಂದು ಸೇರುವ ಗೋಡೆಯ ರೋಸೆಟ್ ಪೆಟ್ಟಿಗೆ ಸರ್ವರಿಗೆ ಹತ್ತಿರವಿತ್ತು, ಹಳೆಯ ಫ್ಯಾಕ್ಸಿನ ಮೇಜು ದೂರವಿತ್ತು. ರೋಸೆಟ್ಟಿನಿಂದಲೇ ಒಂದು ಜೋಡಿ ತೆಗೆದು ಮೋಡೆಮ್‌ಗೆ ಎಳೆದೆ. ಆ ಮಧ್ಯಾಹ್ನ ಕಳುಹಿಸಿದ ಫ್ಯಾಕ್ಸುಗಳಲ್ಲಿ ಒಂದು ಪುಟದವು ಹೇಗೋ ದಾಟಿದವು; ಹೆಚ್ಚು ಪುಟಗಳಿದ್ದವು ಎರಡನೆಯದರಲ್ಲೋ ಮೂರನೆಯದರಲ್ಲೋ ಕಡಿದು ಬಿದ್ದವು. ಲಾಗ್ ಓದಿದರೆ ಕಥೆ ಸ್ಪಷ್ಟವಾಗಿತ್ತು. ಎರಡು ಫ್ಯಾಕ್ಸುಗಳು ಭೇಟಿಯಾದಾಗ ಮೊದಲು ತಮ್ಮ ಶಕ್ತಿ ಸಾಮರ್ಥ್ಯ ಹೇಳಿಕೊಳ್ಳುತ್ತವೆ. ಬಳಿಕ ಕಳುಹಿಸುವವನು ಒಂದೂವರೆ ಸೆಕೆಂಡು ಬರೀ ಸೊನ್ನೆಗಳನ್ನು ಕಳುಹಿಸುತ್ತಾನೆ. ಅವು ಸೊನ್ನೆಗಳಾಗಿಯೇ ತಲುಪಿದರೆ ಆ ವೇಗಕ್ಕೆ ಒಪ್ಪಿಗೆ, ಇಲ್ಲವಾದರೆ ಒಂದು ಮೆಟ್ಟಿಲು ಕೆಳಗೆ. ನಮ್ಮದು ಸೆಕೆಂಡಿಗೆ 14,400 ಬಿಟ್‌ಗಳ ವೇಗದಿಂದ 12,000ಕ್ಕೆ, 9,600ಕ್ಕೆ, 7,200ಕ್ಕೆ ಇಳಿಯುತ್ತಾ ಹೋಗಿ ಕೈಚೆಲ್ಲುತ್ತಿತ್ತು. ಹಿರಿಯ ಗುಮಾಸ್ತರು ಅದೇ ಲೈನಿನಲ್ಲಿ ಕೊಚ್ಚಿಯವರೊಡನೆ ಮಾತಾಡಿ ಫೋನ್ ಇಟ್ಟು, "ಅಲ್ಲ ಮಾರಾಯ್ರೆ, ಪಕ್ಕದ ಕೋಣೆಯಲ್ಲಿದ್ದ ಹಾಗೆ ಕೇಳುತ್ತದೆ, ನಿಮ್ಮ ಪೆಟ್ಟಿಗೆಗೆ ಮಾತ್ರ ಎಂಥ ತೊಂದರೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮಾತಿನ ನಡುವೆ ಒಂದು ಅಕ್ಷರ ನುಂಗಿ ಹೋದರೂ ಕಿವಿ ಅದನ್ನು ತುಂಬಿಕೊಳ್ಳುತ್ತದೆ, ಕಂಪ್ಯೂಟರಿನ ಜಾಲವಾದರೆ ಕಳೆದ ಪ್ಯಾಕೆಟ್ಟನ್ನು ಸದ್ದಿಲ್ಲದೆ ಮತ್ತೆ ಕೇಳಿ ಪಡೆಯುತ್ತದೆ; ನಾನು ಜೋಡಿಸಿದ ವ್ಯವಸ್ಥೆಯಲ್ಲಿ, ತಪ್ಪು ತಿದ್ದುವ ಇಸಿಎಂ ಕ್ರಮವನ್ನು ಎದುರಿನ ಯಂತ್ರ ಒಪ್ಪದಿದ್ದರೆ, ಫ್ಯಾಕ್ಸಿಗೆ ಈ ಎರಡೂ ಸೌಲಭ್ಯಗಳಿರಲಿಲ್ಲ.

ಸುಳಿವು ಕೊಟ್ಟವರೂ ಅವರೇ. ಈ ತೊಂದರೆ ಶುರುವಾದ ಎರಡನೆಯ ದಿನ, ದೂರು ಹೇಳುವ ಧಾಟಿಯಲ್ಲಿ, "ನೀವು ಫ್ಯಾಕ್ಸ್ ಬಿಟ್ಟಾಗಲೆಲ್ಲ ನಮ್ಮ ಇಂಟರ್‌ನೆಟ್ ಹೋಗುತ್ತದೆ" ಎಂದರು. ಆಗ ಹೊಳೆಯಿತು. ಬ್ರಾಡ್‌ಬ್ಯಾಂಡ್ ಬರುತ್ತಿದ್ದುದು ಅದೇ ಜೋಡಿ ತಂತಿಯಲ್ಲಿ. ಮಾತಿನ ಸದ್ದು 3,400 ಹರ್ಟ್ಸ್‌ನೊಳಗೆ ಮುಗಿಯುತ್ತದೆ, ಬ್ರಾಡ್‌ಬ್ಯಾಂಡ್ ಹೊತ್ತು ತರುವ ಎಡಿಎಸ್‌ಎಲ್ ಸುಮಾರು 25,000 ಹರ್ಟ್ಸ್‌ನ ಮೇಲೆ ಓಡುತ್ತದೆ, ಇವೆರಡನ್ನು ಬೇರ್ಪಡಿಸಲು ನಡುವೆ ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ ಇರಬೇಕು. ಇತ್ತು ಕೂಡ, ಹಳೆಯ ಫ್ಯಾಕ್ಸಿನ ಮೇಜಿನ ಹಿಂದೆ, ಧೂಳು ಹಿಡಿದು ಗೋಡೆಯ ಬಣ್ಣಕ್ಕೇ ತಿರುಗಿದ್ದ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹಳೆಯ ಯಂತ್ರವೂ ಗುಮಾಸ್ತರ ಫೋನೂ ಅದರ ಆಚೆಗಿದ್ದವು. ನಾನು ಅದರ ಈಚೆಯಿಂದ, ಬೇರ್ಪಡುವ ಮೊದಲೇ, ತಂತಿ ಕದ್ದಿದ್ದೆ. ಮೋಡೆಮ್ ಲೈನನ್ನು ಎತ್ತಿದಾಗಲೆಲ್ಲ ಬ್ರಾಡ್‌ಬ್ಯಾಂಡ್ ಮುಗ್ಗರಿಸುತ್ತಿತ್ತು, ಬ್ರಾಡ್‌ಬ್ಯಾಂಡ್ ಮತ್ತೆ ಎದ್ದು ನಿಲ್ಲಲು ಯತ್ನಿಸಿದಾಗಲೆಲ್ಲ ಫ್ಯಾಕ್ಸ್ ಮುಗ್ಗರಿಸುತ್ತಿತ್ತು. ಸ್ಪ್ಲಿಟರನ್ನು ರೋಸೆಟ್ಟಿನ ಪಕ್ಕಕ್ಕೇ ತಂದು, ಅದರ ಫೋನ್ ಬದಿಯಿಂದ ಮೋಡೆಮ್‌ಗೆ ಮಾತ್ರ ತಂತಿ ಕೊಟ್ಟು, ಗುಮಾಸ್ತರ ಪ್ಯಾರಲಲ್ ಫೋನನ್ನು ಅವರ ಅನುಮತಿ ಪಡೆದು ಕಿತ್ತೆ. ಕೊಚ್ಚಿಯ ಕಚೇರಿಗೆ ಹನ್ನೊಂದು ಪುಟಗಳ ಕಟ್ಟೊಂದನ್ನು ಬಿಟ್ಟೆವು. 14,400ರಲ್ಲಿಯೇ ಹೊರಟು ಒಂದೇ ಉಸಿರಿಗೆ ಮುಗಿಯಿತು.

ಇಷ್ಟಾದ ಮೇಲೂ ಹಿರಿಯ ಗುಮಾಸ್ತರು ಸುಲಭಕ್ಕೆ ಒಪ್ಪಲಿಲ್ಲ. ಬಂದ ಫ್ಯಾಕ್ಸ್ ಪಿಡಿಎಫ್ ಆಗಿ ಅವರ ಈಮೇಲಿಗೆ ಬಂದು ಬಿದ್ದಾಗ, "ಇದರ ಒರಿಜಿನಲ್ ಎಲ್ಲಿ?" ಎಂದು ಕೇಳಿದರು. ಇದೇ ಒರಿಜಿನಲ್ ಎಂದರೆ ನಂಬಿಕೆ ಬರಲಿಲ್ಲ. ಅವರಿಗೆ ಬೇಕಿದ್ದದ್ದು ಪುಟದ ನೆತ್ತಿಯ ಮೇಲಿನ ಆ ಒಂದು ಸಾಲು: ಕಳುಹಿಸಿದವರ ಹೆಸರು, ದಿನಾಂಕ, ಗಂಟೆ, ಪುಟಸಂಖ್ಯೆ. ವ್ಯಾಜ್ಯ ಬಂದರೆ ಹಡಗು ಕಂಪನಿಯ ಮುಂದೆ ಹಿಡಿಯುವುದು ಅದನ್ನೇ. ಲೇಸರ್ ಪ್ರಿಂಟರಿನಿಂದ ತೆಗೆದ ಹಾಳೆಯಲ್ಲಿ ಆ ಸಾಲು ಮಾಸದೆ, ಸುರುಳಿ ಸುತ್ತದೆ ನಿಂತದ್ದನ್ನು ಕಂಡ ಮೇಲೆ ಸ್ವಲ್ಪ ಮೆತ್ತಗಾದರು. ಅವರ ಸಂಶಯವನ್ನು ಹಗುರವಾಗಿ ನೋಡಿದ್ದಕ್ಕೆ ನನಗೆ ತಕ್ಕ ಶಾಸ್ತಿಯೂ ಆಯಿತು. ಎಂಟನೆಯ ದಿನ, ಕರೆಂಟು ಹೋಗಿ ಯುಪಿಎಸ್ಸೂ ಬರಿದಾಗಿ ಸರ್ವರ್ ಮತ್ತೆ ಎದ್ದಾಗ, ಹೊರಗೆ ಹೋದ ಮೂರು ಫ್ಯಾಕ್ಸುಗಳ ನೆತ್ತಿಯ ಮೇಲೆ ಐದು ವರ್ಷ ಹಿಂದಿನ ಇಸವಿ ಅಚ್ಚಾಗಿತ್ತು. ಹಳೆಯ ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿದ್ದ ಗುಂಡಿಯಂಥ ಬ್ಯಾಟರಿ ಸತ್ತಿತ್ತು, ಗಡಿಯಾರ ಹಿಂದಕ್ಕೆ ಹೋಗಿತ್ತು. ಅಂಗಡಿಯಲ್ಲಿ ಸಿಗುವ ಒಂದು ಸಿಆರ್2032, ಜೊತೆಗೆ ಇಂಟರ್‌ನೆಟ್ಟಿನಿಂದ ಸಮಯ ತಿದ್ದಿಕೊಳ್ಳುವ ಒಂದು ಸಾಲು. ಸರ್ವರನ್ನು ಒರೆಸಿದ ದಿನವೇ ಮಾಡಬೇಕಾಗಿದ್ದ ಕೆಲಸ. ಆ ಮೂರು ಫ್ಯಾಕ್ಸುಗಳನ್ನು ಮತ್ತೆ ಕಳುಹಿಸಿ, ಮೊದಲಿನವನ್ನು ಗಣಿಸಬಾರದೆಂದು ಮೂರೂ ಕಡೆಗೆ ಫೋನ್ ಮಾಡಿ ಹೇಳಿದವರು ಗುಮಾಸ್ತರೇ. ನನಗೆ ಅವರು ಏನೂ ಹೇಳಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಹೋದಾಗ ಹೊರಗೆ ಮಳೆ ಹಿಡಿದಿತ್ತು. ರಾತ್ರಿ ಒಂದೂವರೆಗೆ ನಾಲ್ಕು ಪುಟಗಳ ಒಂದು ಅರೈವಲ್ ನೋಟಿಸ್ ಬಂದು, ಆಮದು ವಿಭಾಗದ ಮೇಜಿಗೆ ಈಮೇಲ್ ಆಗಿ ಸೇರಿತ್ತು. ಹಿರಿಯ ಗುಮಾಸ್ತರು ಅದನ್ನು ಮುದ್ರಿಸಿ, ನೆತ್ತಿಯ ಸಾಲಿನ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನೊಡನೆ ಹೋಲಿಸಿ ನೋಡಿ, ಫೈಲಿಗೆ ಸೇರಿಸಿದರು. ಬಳಿಕ ಹಳೆಯ ಯಂತ್ರದ ಪ್ಲಗ್ ತೆಗೆದು ಅದರ ಮೇಲೊಂದು ಬಟ್ಟೆ ಹೊದಿಸಿದರು. ಕಪಾಟಿನಲ್ಲಿ ಉಳಿದಿದ್ದ, ಇನ್ನೂ ಒಡೆಯದ ಮೂರು ಥರ್ಮಲ್ ರೋಲ್‌ಗಳನ್ನು ಹುಡುಗನ ಕೈಗಿತ್ತು, ತಂದ ಅಂಗಡಿಗೇ ಹಿಂತಿರುಗಿಸಿ ಈ ತಿಂಗಳ ಬಿಲ್ಲಿನಲ್ಲಿ ಕಳೆಯಲು ಹೇಳಬೇಕೆಂದರು. ಅವನು ಕೊಡೆ ಬಿಚ್ಚಿ ಮೆಟ್ಟಿಲಿಳಿಯುವಷ್ಟರಲ್ಲಿ ಹಿಂದಕ್ಕೆ ಕರೆದು, ಒಂದು ರೋಲ್ ಇರಲಿ ಎಂದು ತೆಗೆದಿಟ್ಟುಕೊಂಡರು.