ಅಮ್ಮನಿಗೆ ಯಾವ ಮಸಾಜ್ ಕುರ್ಚಿ ಕೊಡಿಸಲಿ?

ನಾನು ಮಸಾಜ್ ಕುರ್ಚಿ ಮಾರುವುದಿಲ್ಲ. ಅಂಥ ಕುರ್ಚಿಯನ್ನೋ ನಿದ್ದೆ ಅಳೆಯುವ ಬ್ಯಾಂಡನ್ನೋ ಯಾವ ವಯಸ್ಸಿನವರು ಹೇಗೆ ಬಳಸುತ್ತಾರೆ, ಯಾಕೆ ಮೂಲೆಗೆ ಸರಿಸುತ್ತಾರೆ ಎಂದು ಮನೆಮನೆಗೆ ಹೋಗಿ ವಿಚಾರಿಸುವುದು ನನ್ನ ಕೆಲಸ. ಇಷ್ಟು ಹೇಳಿ ಮುಗಿಸುವ ಮೊದಲೇ ಮದುವೆ ಊಟದಲ್ಲಿ ಪಕ್ಕದ ಎಲೆಯವರು ಶುರುಮಾಡುತ್ತಾರೆ: "ನಮ್ಮ ಅಮ್ಮನಿಗೆ ಯಾವುದು ಕೊಡಿಸಲಿ? ಸರಳವಾಗಿರಲಿ, ಪಾಪ, ಅವರಿಗೆ ಏನೂ ಗೊತ್ತಾಗುವುದಿಲ್ಲ."

ಈ 'ಪಾಪ' ಕೇಳಿದರೆ ಮೈ ಉರಿಯುತ್ತದೆ. ಗೊತ್ತಿಲ್ಲದವರು ಯಂತ್ರ ಮಾಡಿದವರು. ವಯಸ್ಸಾದಂತೆ ಚರ್ಮ ಒಣಗುತ್ತದೆ, ಒಣ ಬೆರಳಿಗೆ ಟಚ್‌ಸ್ಕ್ರೀನ್ ಸರಿಯಾಗಿ ಸ್ಪಂದಿಸುವುದಿಲ್ಲ. ಕಿವಿಗೆ ಮೊದಲು ತಪ್ಪಿಹೋಗುವುದು ಕೀರಲು ಸದ್ದು, ಇವರು ಇಡುವುದು ಅದೇ 'ಬೀಪ್'. ಕಣ್ಣಿನ ಮಸೂರ ಹಳದಿಗೆ ತಿರುಗಿ ನೀಲಿ ಮಂಕಾಗುತ್ತದೆ, ಬ್ಲೂಟೂತ್ ದೀಪಕ್ಕೆ ನೀಲಿಯೇ ಆಗಬೇಕು.

ಜಯನಗರದ ಒಂದು ಮನೆಯಲ್ಲಿ ನನ್ನ ಪ್ರಶ್ನೆಗಳಿಗೆಲ್ಲ ಮಗನೇ ಉತ್ತರ ಕೊಡುತ್ತಿದ್ದ. ತಾಯಿ "ಚೆನ್ನಾಗಿದೆಯಮ್ಮ" ಎನ್ನುವುದರ ಆಚೆ ಹೋಗಲಿಲ್ಲ; ದುಡ್ಡು ಕೊಟ್ಟವನು ಎದುರಿಗಿರುವಾಗ ಇನ್ನೇನು ಹೇಳಿಯಾರು? ಅವನು ಫೋನ್ ಬಂತೆಂದು ಎದ್ದು ಹೋದಾಗ ದನಿ ತಗ್ಗಿಸಿದರು: "ಸೊಸೆ ಆಫೀಸಿಗೆ ಹೋದ ಮೇಲೆ ಕೂರುತ್ತೇನೆ. ಆದರೆ ಅದರ ಸದ್ದು ಪಕ್ಕದ ಮನೆಗೂ ಕೇಳುತ್ತದೆ. ಹಗಲು ಹೊತ್ತಿನಲ್ಲೇ ಒರಗಿದ್ದಾಳೆ ಎಂದುಕೊಳ್ಳುವುದಿಲ್ಲವೇ?"

ಸದ್ದಿಲ್ಲದ ಮೋಟಾರು ಬೇಕು ಎಂದು ವರದಿಯಲ್ಲಿ ಬರೆದೆ. ಕಂಪನಿಯವರು ಕುರ್ಚಿಗೆ ಸಂಗೀತ ಸೇರಿಸಿದರು.

ಮಗನ ಪಾಡು ಬೇರೆ. ನಿದ್ದೆಗೆ ಕೈಯ ಬ್ಯಾಂಡು ಕಡಿಮೆ ಅಂಕ ಕೊಟ್ಟರೆ ಅವನಿಗೆ ದಿನವಿಡೀ ಸುಸ್ತು. ಅಂಕ ಸರಿಮಾಡುವ ಚಿಂತೆಯಲ್ಲೇ ನಿದ್ದೆಗೆಡುವವರನ್ನು ಕಂಡ ಅಮೆರಿಕದ ಸಂಶೋಧಕರು 2017ರಲ್ಲೇ ಅದಕ್ಕೆ 'ಆರ್ಥೋಸೋಮ್ನಿಯಾ' ಎಂದು ಹೆಸರಿಟ್ಟಿದ್ದಾರೆ. ತಾಯಿಗೆ ಯಾರೂ ನೋಡಬಾರದು, ಮಗನಿಗೆ ಯಾರಾದರೂ ಅಂಕ ಹಾಕಬೇಕು. ಇಬ್ಬರಿಗೂ ಒಂದೇ ಆ್ಯಪ್ ಸಾಕು ಎನ್ನುವವರ ಜೊತೆ ನನ್ನ ಸಭೆಗಳು ನಡೆಯುತ್ತವೆ.

"ಮಧ್ಯಾಹ್ನ ಅಮ್ಮ ಅಡ್ಡಾದರೆ ನಮ್ಮ ಮನೆಯಲ್ಲಿ ಯಾರ ಮುಖ ಗಂಟಿಕ್ಕುತ್ತದೆ?" ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳಿದರೆ ಪಾಯಸ ಆರಿದರೂ ಕೂತು ಮಾತಾಡುತ್ತೇನೆ.

ಕುರ್ಚಿಯೇ ಬೇಕೆಂದರೆ, ಟಕ್ಕೆಂದು ಒತ್ತುವ ಗುಂಡಿಯಿರಲಿ, ನಿಲ್ಲಿಸುವ ಗುಂಡಿ ಕೂತಲ್ಲೇ ಕೈಗೆಟುಕಲಿ. ಮೂಳೆ ಸವೆತವೋ ಪೇಸ್‌ಮೇಕರೋ ಇದ್ದರೆ ಮೊದಲು ವೈದ್ಯರನ್ನು ಕೇಳಿ. ಅಂಗಡಿಗೆ ಅಮ್ಮನನ್ನೇ ಕರೆದುಕೊಂಡು ಹೋಗಿ. ಅವರು ಕೂತು ನೋಡುವಾಗ ನೀವು ದಯವಿಟ್ಟು ಹೊರಗೆ ಹೋಗಿ ಕಾಫಿ ಕುಡಿಯಿರಿ.