ಹಡಗಿನಲ್ಲಿ ಊಟ: ಮುಖ್ಯ ಭೋಜನಶಾಲೆಯೋ, ಸ್ಪೆಷಾಲಿಟಿ ರೆಸ್ಟೋರೆಂಟೋ?

ತುಮಕೂರಿನಲ್ಲಿ ಕ್ರೂಸ್ ಪ್ರವಾಸದ ಮಾತು ಬಂದಾಗ ಸಮುದ್ರದ ಬಗ್ಗೆಯಾಗಲಿ, ಬಂದರುಗಳ ಬಗ್ಗೆಯಾಗಲಿ ಕೇಳುವವರಿಗಿಂತ ಊಟದ ಬಗ್ಗೆ ಕೇಳುವವರೇ ಹೆಚ್ಚು. ಎಸ್.ಐ.ಟಿ. ಬಡಾವಣೆಯ ನಮ್ಮ ಬೀದಿಯಿಂದ ಕೆಲವು ಕುಟುಂಬಗಳು ಈಚಿನ ವರ್ಷಗಳಲ್ಲಿ ಸಿಂಗಪುರದಿಂದಲೋ ಮುಂಬೈಯಿಂದಲೋ ಹಡಗು ಹತ್ತಿ ಬಂದಿವೆ. ಹೊರಡುವ ಮುನ್ನ ಅವರೆಲ್ಲರೂ, ಮೊದಲೇ ಹಡಗಿನಲ್ಲಿ ಹೋಗಿಬಂದವರೆಂದು ನಮ್ಮ ಮನೆಗೆ ಬಂದು ಕೇಳಿದ ಪ್ರಶ್ನೆ ಒಂದೇ: ಟಿಕೆಟ್ಟಿನ ಹಣದಲ್ಲೇ ಊಟ ಸೇರಿರುವಾಗ, ಬುಕಿಂಗ್ ಆದಂದಿನಿಂದ ಇ-ಮೇಲ್‌ನಲ್ಲಿ ಬಂದು ಬೀಳುವ ಸ್ಪೆಷಾಲಿಟಿ ರೆಸ್ಟೋರೆಂಟ್‌ಗಳ ಪ್ಯಾಕೇಜನ್ನು ಬೇರೆಯಾಗಿ ಕೊಳ್ಳಬೇಕೇ? ಬಾಯಿಮಾತಿನಲ್ಲಿ ಉತ್ತರ ಹೇಳಿ ಕಳುಹಿಸುವುದಕ್ಕಿಂತ ವಿವರವಾಗಿ ಬರೆದಿಡುವುದು ಒಳ್ಳೆಯದೆಂದು ಈ ಬರಹಕ್ಕೆ ಕುಳಿತಿದ್ದೇನೆ.

ಮೊದಲು ಎರಡರ ಸ್ವರೂಪವನ್ನು ಹೇಳಿಬಿಡುತ್ತೇನೆ. ಮೇನ್ ಡೈನಿಂಗ್ ರೂಮ್ ಎಂದು ಕರೆಯುವ ಮುಖ್ಯ ಭೋಜನಶಾಲೆ ಹಡಗಿನ ಅತಿ ದೊಡ್ಡ ಊಟದ ಹಾಲ್. ದೊಡ್ಡ ಹಡಗುಗಳಲ್ಲಿ ಅದು ಎರಡು ಮೂರು ಅಂತಸ್ತುಗಳಷ್ಟು ಹರಡಿಕೊಂಡಿರುತ್ತದೆ. ಬಫೆಯಲ್ಲಿ ತಟ್ಟೆ ಹಿಡಿದು ನಿಲ್ಲುವಂತೆ ಇಲ್ಲಿ ನಿಲ್ಲಬೇಕಿಲ್ಲ. ಮೇಜಿನ ಬಳಿಗೇ ಬಂದು ಆರ್ಡರ್ ಬರೆದುಕೊಂಡು, ಒಂದಾದ ಮೇಲೊಂದರಂತೆ ಬಡಿಸುತ್ತಾರೆ, ಮೆನು ದಿನವೂ ಬದಲಾಗುತ್ತದೆ. ಸಂಜೆ ಆರರ ಸುಮಾರಿಗೆ ಒಂದು ಪಂಕ್ತಿ, ಎಂಟರ ಮೇಲೆ ಇನ್ನೊಂದು ಪಂಕ್ತಿ ಎಂಬ ಹಳೆಯ ಪದ್ಧತಿ ಹಲವು ಹಡಗುಗಳಲ್ಲಿ ಈಗಲೂ ಉಂಟು, ಬೇಕಾದ ಹೊತ್ತಿಗೆ ಬರುವ ಅನುಕೂಲವೂ ಉಂಟು. ಸ್ಪೆಷಾಲಿಟಿ ರೆಸ್ಟೋರೆಂಟ್ ಎಂದರೆ ಇಟಾಲಿಯನ್, ಜಪಾನೀ, ಫ್ರೆಂಚ್ ಅಥವಾ ದಪ್ಪ ಮಾಂಸದ ತುಂಡುಗಳನ್ನು (ಸ್ಟೇಕ್) ಸುಟ್ಟು ಬಡಿಸುವ ಸ್ಟೇಕ್‌ಹೌಸ್ ಎಂದು ಒಂದೇ ಬಗೆಯ ಅಡುಗೆಗೆ ಮೀಸಲಾದ ಚಿಕ್ಕ ಜಾಗ. ಅಲ್ಲಿ ತಲೆಗಿಷ್ಟು ಎಂದೋ, ತಿನಿಸಿಗಿಷ್ಟು ಎಂದೋ ಪ್ರತ್ಯೇಕ ಹಣ ತೆರಬೇಕು. ರಾಯಲ್ ಕೆರಿಬಿಯನ್ ಹಡಗುಗಳ ಚಾಪ್ಸ್ ಗ್ರಿಲ್, ಇಜುಮಿ, ನಾರ್ವೇಜಿಯನ್ ಹಡಗುಗಳ ಕ್ಯಾಗ್ನೀಸ್, ಲೆ ಬಿಸ್ತ್ರೊ ಇವೆಲ್ಲ ಈ ವರ್ಗಕ್ಕೆ ಸೇರಿದವು.

ಹಣ ಕೊಟ್ಟು ಬೇರೆ ಕಡೆ ಉಣ್ಣುವ ಈ ಏರ್ಪಾಡು ಹೊಸದೆಂದು ಅನೇಕರು ತಿಳಿದಿದ್ದಾರೆ, ಆದರೆ ಇದಕ್ಕೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. 1905ರಲ್ಲಿ ಸಂಚಾರ ಆರಂಭಿಸಿದ ಜರ್ಮನಿಯ ಅಮೆರಿಕಾ ಎಂಬ ಹಡಗಿನಲ್ಲಿ ರಿಟ್ಜ್ ಹೆಸರಿನ ರೆಸ್ಟೋರೆಂಟ್ ಇತ್ತು. 1912ರ ಟೈಟಾನಿಕ್‌ನಲ್ಲಿಯೂ ಮೊದಲ ದರ್ಜೆಯವರಿಗಾಗಿ ದೊಡ್ಡ ಭೋಜನಶಾಲೆಯಲ್ಲದೆ, ಲೂಯಿಜಿ ಗಾಟಿ ಎಂಬವರು ನಡೆಸುತ್ತಿದ್ದ, ಪ್ರತ್ಯೇಕವಾಗಿ ಹಣ ಪಾವತಿಸಬೇಕಾದ ರೆಸ್ಟೋರೆಂಟ್ ಇತ್ತು. ನಮ್ಮ ಕಾಲದಲ್ಲಿ ಇದಕ್ಕೆ ದೊಡ್ಡ ತಿರುವು ಸಿಕ್ಕಿದ್ದು 2000ದಲ್ಲಿ, ನಿಗದಿತ ಪಂಕ್ತಿ ಮತ್ತು ನಿಗದಿತ ಮೇಜಿನ ಕಟ್ಟುಪಾಡನ್ನು ನಾರ್ವೇಜಿಯನ್ ಕಂಪನಿ ಕೈಬಿಟ್ಟು, ಬೇಕಾದ ಹೊತ್ತಿಗೆ ಬೇಕಾದ ಕಡೆ ಉಣ್ಣಲು ಬಿಟ್ಟಾಗ.

ಇವೆರಡರ ನಡುವಿನ ವ್ಯತ್ಯಾಸವನ್ನು ಜನರು ಸಾಮಾನ್ಯವಾಗಿ ಸಾದಾ ಊಟ ಮತ್ತು ಮೇಲ್ದರ್ಜೆಯ ಊಟ ಎಂಬ ಮಟ್ಟದ ಮಾತಾಗಿ ನೋಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆ ನೋಟವೇ ಸರಿಯಲ್ಲ. ನಿಜವಾದ ವ್ಯತ್ಯಾಸ ಇರುವುದು ಅಡುಗೆಮನೆಯ ಕೆಲಸದ ಕ್ರಮದಲ್ಲಿ. ಮುಖ್ಯ ಭೋಜನಶಾಲೆಯ ಗ್ಯಾಲಿ, ಅಂದರೆ ಹಡಗಿನ ಅಡುಗೆಮನೆ, ಒಂದು ಪಂಕ್ತಿಯಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ, ಅದೂ ಎರಡು ಗಂಟೆಯೊಳಗೆ, ಮೂರು ನಾಲ್ಕು ಬಗೆಗಳನ್ನು ಕಳುಹಿಸಬೇಕು. ಯಾವ ತಿನಿಸು ಎಷ್ಟು ಖರ್ಚಾಗಬಹುದೆಂದು ಹಿಂದಿನ ಪಯಣಗಳ ಲೆಕ್ಕದಿಂದ ಅಂದಾಜು ಮಾಡಿ, ಸೂಪು, ಸಾಸು, ಬೇಯಿಸಿದ ತರಕಾರಿ, ಹುರಿದ ಮಾಂಸ ಎಲ್ಲವನ್ನೂ ಮೊದಲೇ ಸಿದ್ಧಪಡಿಸಿ ಬಿಸಿಯಾಗಿಟ್ಟಿರುತ್ತಾರೆ. ಆರ್ಡರ್ ಬಂದ ಕೂಡಲೇ ತಟ್ಟೆಗಳನ್ನು ಸಾಲಾಗಿ ಜೋಡಿಸಿ ಮುಚ್ಚಳ ಹಾಕುತ್ತಾರೆ. ವೇಟರ್ ಹತ್ತಾರು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದ ದೊಡ್ಡ ಟ್ರೇಯನ್ನು ಹೆಗಲ ಮಟ್ಟಕ್ಕೆ ಎತ್ತಿಕೊಂಡು ಬಂದು, ಪಕ್ಕದ ಸ್ಟ್ಯಾಂಡಿನ ಮೇಲಿರಿಸಿ, ಒಂದೊಂದೇ ಮುಚ್ಚಳ ತೆಗೆದು ಮೇಜಿಗೆ ಕೊಡುತ್ತಾನೆ. ಅಡುಗೆಯವನ ಕೈಯಿಂದ ನಮ್ಮ ಬಾಯಿಗೆ ಬರುವಷ್ಟರಲ್ಲಿ ಹತ್ತು ಹದಿನೈದು ನಿಮಿಷವಾದರೂ ಕಳೆದಿರುತ್ತದೆ.

ನಮ್ಮ ಸಿದ್ಧಗಂಗೆಯ ದಾಸೋಹವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಸಾವಿರಾರು ಮಂದಿಗೆ ದೊಡ್ಡ ಪಾತ್ರೆಯಲ್ಲಿ ಬೆಂದ ಸಾರಿಗೆ ಮನೆಯ ಸಾರಿಗಿಲ್ಲದ ಹದವೊಂದು ಬರುತ್ತದೆ, ಆದರೆ ಅಷ್ಟೇ ಜನರನ್ನು ಒಟ್ಟಿಗೆ ಕೂರಿಸಿ ಗರಿಗರಿಯಾದ ದೋಸೆ ಬಡಿಸಲು ಯಾರಿಂದಲೂ ಆಗದು. ಹಡಗಿನ ಮುಖ್ಯ ಭೋಜನಶಾಲೆಯಲ್ಲಿ ಏನನ್ನು ಆರಿಸಬೇಕೆಂಬುದಕ್ಕೂ ಇದೇ ಅಳತೆ ಸಾಕು. ಸೂಪುಗಳು, ಬೇಳೆಯ ಪದಾರ್ಥಗಳು, ನಿಧಾನವಾಗಿ ಬೆಂದ ಕುರ್ಮಾ, ಓವನ್ನಿನಲ್ಲಿ ಬೆಂದ ಲಜಾನಿಯಾ ಅಲ್ಲಿ ಚೆನ್ನಾಗಿಯೇ ಇರುತ್ತವೆ, ಕೆಲವು ಸಂಜೆ ಬಹಳ ಚೆನ್ನಾಗಿರುತ್ತವೆ. ಎಣ್ಣೆಯಲ್ಲಿ ಕರಿದದ್ದು ಮುಚ್ಚಳದಡಿಯ ಹಬೆಗೆ ಮೆತ್ತಗಾಗಿರುತ್ತದೆ. ಸ್ಪಾಗೆಟಿಯಂಥ ಪಾಸ್ತಾ ಒಂದು ಹದ ಮೀರಿ ಬೆಂದಿರುತ್ತದೆ. ಮೀನು, ಮಾಂಸ ತಿನ್ನುವ ನಮ್ಮ ಸ್ನೇಹಿತರ ಕುಟುಂಬವೂ ಅದನ್ನೇ ಹೇಳಿತು: ತೆಳುವಾದ ಮೀನು ಒಣಗಿರುತ್ತದೆ, ಸ್ಟೇಕನ್ನು ಯಾವ ಹದದಲ್ಲಿ ಕೇಳಿದರೂ ಅದಕ್ಕಿಂತ ಒಂದು ಹದ ಹೆಚ್ಚೇ ಬೆಂದು ಬರುತ್ತದೆ.

ಸ್ಪೆಷಾಲಿಟಿ ರೆಸ್ಟೋರೆಂಟಿನಲ್ಲಿ ನೂರು ಚಿಲ್ಲರೆ ಆಸನಗಳು, ಹೆಚ್ಚಿನ ಕಡೆ ಅದಕ್ಕೇ ಮೀಸಲಾದ ಚಿಕ್ಕ ಗ್ಯಾಲಿ, ಆರ್ಡರ್ ಬಂದ ಮೇಲೆ ಒಲೆಗೇರಿಸುವ ಪದ್ಧತಿ. ನಾವು ಕೊಡುವ ಹೆಚ್ಚಿನ ಹಣ ಮುಖ್ಯವಾಗಿ ಆ ಕೆಲವು ನಿಮಿಷಗಳ ಅಂತರವನ್ನು ಕಡಿಮೆ ಮಾಡಲಿಕ್ಕೆ, ಜೊತೆಗೆ ಕಡಿಮೆ ಮೇಜುಗಳನ್ನು ನೋಡಿಕೊಳ್ಳುವ ವೇಟರ್‌ಗೆ ಮತ್ತು ಗದ್ದಲವಿಲ್ಲದ ಜಾಗಕ್ಕೆ. ಆದ್ದರಿಂದ ಬಿಸಿಯಾಗಿ ಆ ಕ್ಷಣದಲ್ಲೇ ತಿನ್ನಬೇಕಾದ ಪದಾರ್ಥ ನಿಮಗೆ ಬೇಕಿದ್ದರೆ ಮಾತ್ರ ಆ ಹಣಕ್ಕೆ ಅರ್ಥವಿದೆ.

ನಮ್ಮಂಥ ಸಸ್ಯಾಹಾರಿಗಳ ವಿಷಯದಲ್ಲಿ ಈ ಲೆಕ್ಕ ಇನ್ನಷ್ಟು ಬದಲಾಗುತ್ತದೆ. ಸ್ಟೇಕ್‌ಹೌಸಿನ ಮೆನುವಿನಲ್ಲಿ ಮುಖ್ಯ ಪುಟವೆಲ್ಲ ಮಾಂಸ. ನಮಗೆ ಉಳಿಯುವುದು ಕೊನೆಯಲ್ಲಿ ಪಕ್ಕದ ತಿನಿಸುಗಳೆಂದು ಅಚ್ಚು ಹಾಕಿದ ಆಲೂಗಡ್ಡೆ, ಅಣಬೆ, ಕೆನೆ ಹಾಕಿದ ಪಾಲಕ್, ಶತಾವರಿಯ ಕುಡಿ, ಮೇಲೊಂದು ಸಲಾಡ್. ಸ್ನೇಹಿತರ ಒತ್ತಾಯಕ್ಕೆ ಒಂದು ಸಂಜೆ ಜೊತೆಗೆ ಹೋಗಿದ್ದಾಗ, ಅವರ ತಟ್ಟೆಯಲ್ಲಿ ಎರಡು ಬೆರಳು ದಪ್ಪದ ಮಾಂಸದ ತುಂಡು ಇನ್ನೂ ಚುರುಗುಟ್ಟುತ್ತಿರುವಾಗ, ನಮ್ಮ ಅತ್ತೆಯವರ ಮುಂದೆ ಸುಟ್ಟ ಆಲೂಗಡ್ಡೆಯೊಂದು ಬೆಣ್ಣೆಯ ಬಟ್ಟಲಿನೊಡನೆ ಬಂದು ಕುಳಿತಿತ್ತು. ಆಲೂಗಡ್ಡೆ ರುಚಿಯಾಗಿಯೇ ಇತ್ತು, ವೇಟರ್ ಕೂಡ ಕಾಳಜಿಯಿಂದ ಪನೀರ್ ಏನಾದರೂ ಮಾಡಿಸಲೇ ಎಂದು ಕೇಳಿದ. ಆದರೆ ತಲೆಗಿಷ್ಟು ಎಂದು ನಿಗದಿಯಾದ ದರ ಆಲೂಗಡ್ಡೆಗೂ ಸ್ಟೇಕಿಗೂ ಒಂದೇ. ಸಸ್ಯಾಹಾರಿಗಳಿರುವ ಕುಟುಂಬಗಳು ಸ್ಟೇಕ್‌ಹೌಸ್ ಸೇರಿದ ಪ್ಯಾಕೇಜನ್ನು ಕೊಳ್ಳಬಾರದೆಂದು ನಾನು ಖಂಡಿತವಾಗಿ ಹೇಳುವುದು ಈ ಕಾರಣಕ್ಕೆ.

ಮುಖ್ಯ ಭೋಜನಶಾಲೆಯಲ್ಲಿ ನಡೆಯುವುದೇ ಬೇರೆ. ರಾಯಲ್ ಕೆರಿಬಿಯನ್, ಕಾರ್ನಿವಲ್ ಮೊದಲಾದ ದೊಡ್ಡ ಕಂಪನಿಗಳ ಭೋಜನಶಾಲೆಗಳಲ್ಲಿ ಭಾರತೀಯ ಸಸ್ಯಾಹಾರದ ಒಂದು ಬಗೆ ಸಾಮಾನ್ಯವಾಗಿ ಸಿಗುತ್ತದೆ. ಮೆನುವಿನಲ್ಲಿ ಕಾಣದಿದ್ದರೂ ಕೇಳಿದರೆ ಮಾಡಿಕೊಡುವುದುಂಟು. ಅದಕ್ಕೆ ಹಿಡಿಯಬೇಕಾದವರು ಹೆಡ್ ವೇಟರ್. ಮೊದಲ ರಾತ್ರಿಯೇ ನಾವು ಅವರನ್ನು ಕರೆದು, ಅತ್ತೆಯವರು ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲವೆಂದು ಹೇಳಿದೆವು. ಅವರು ಚಿಕ್ಕ ಪುಸ್ತಕದಲ್ಲಿ ಮೇಜಿನ ನಂಬರಿನ ಕೆಳಗೆ ಬರೆದುಕೊಂಡು, ಮೊಟ್ಟೆ ಹೇಗೆ, ಗೆಡ್ಡೆ ತರಕಾರಿ ನಡೆಯುತ್ತದೆಯೇ, ಹಾಲು ಮೊಸರು ಆಗಬಹುದೇ ಎಂದು ಒಂದೊಂದಾಗಿ ವಿಚಾರಿಸಿ, ನಾಳೆಗೆ ಏನು ಬೇಕೆಂದು ಇಂದೇ ಹೇಳಿಬಿಡಿ ಎಂದರು. ಮರುದಿನ ಸಂಜೆ ಅನ್ನ, ಜೀರಿಗೆ ಒಗ್ಗರಣೆಯ ಹೆಸರುಬೇಳೆ, ಹೂಕೋಸಿನ ಪಲ್ಯ, ಒಂದು ಬಟ್ಟಲು ಮೊಸರು ಬಂದವು. ಬೇಳೆಗೆ ಇಂಗು ಹಾಕಿದ್ದರು, ಅದನ್ನು ಕಂಡು ಅತ್ತೆಯವರಿಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ನಿಗದಿತ ಪಂಕ್ತಿಯಲ್ಲಿ ಒಂದೇ ಮೇಜು, ಅದೇ ವೇಟರ್ ಕೊನೆಯವರೆಗೂ ಇರುವುದರಿಂದ ಮೂರನೆಯ ದಿನದ ಹೊತ್ತಿಗೆ ಇದನ್ನೆಲ್ಲ ಮತ್ತೆ ಹೇಳಬೇಕಾದ ಅಗತ್ಯವೇ ಇರುವುದಿಲ್ಲ. ಬೇಕಾದ ಹೊತ್ತಿಗೆ ಬರುವ ಪದ್ಧತಿ ಆಯ್ದುಕೊಂಡರೆ ಈ ಪರಿಚಯ ಕೈತಪ್ಪುತ್ತದೆ. ವಯಸ್ಸಾದವರು, ಪಥ್ಯದವರು ಜೊತೆಗಿದ್ದರೆ ನಿಗದಿತ ಪಂಕ್ತಿಯೇ ಲೇಸು. ಜೈನರ ಊಟದಂಥ ಕಟ್ಟುನಿಟ್ಟು ಇದ್ದವರು ಮಾತ್ರ ಹಡಗು ಹತ್ತುವವರೆಗೆ ಕಾಯದೆ ಬುಕಿಂಗ್ ಸಮಯದಲ್ಲೇ ಬರೆದು ತಿಳಿಸಬೇಕು. ಮುಂಬೈಯಿಂದ ಹೊರಡುವ ಕಾರ್ಡೆಲಿಯಾ ಕಂಪನಿಯ ಹಡಗಿನಲ್ಲಿ ಪ್ರಯಾಣಿಕರು ಬಹುಪಾಲು ಭಾರತೀಯರೇ ಆದ್ದರಿಂದ ಈ ಚಿಂತೆ ಕಡಿಮೆ.

ಹಣದ ವಿಷಯಕ್ಕೆ ಬರೋಣ. ದೊಡ್ಡ ಅಮೆರಿಕನ್ ಕಂಪನಿಗಳ ಸ್ಟೇಕ್‌ಹೌಸಿನಲ್ಲಿ ರಾತ್ರಿ ಊಟಕ್ಕೆ ದೊಡ್ಡವರೊಬ್ಬರಿಗೆ 50 ಡಾಲರ್ ಎಂದು ಹಿಡಿದರೆ, ಅದರ ಮೇಲೆ 18 ಪ್ರತಿಶತ ಸೇವಾ ಶುಲ್ಕ ಸೇರಿ 59 ಡಾಲರ್ ಆಗುತ್ತದೆ. ನಾಲ್ವರಿಗೆ 236 ಡಾಲರ್. ಕೆಲವು ಕಡೆ ಸೇವಾ ಶುಲ್ಕವೇ 20 ಪ್ರತಿಶತ. ಇದು ಪ್ರತಿದಿನ ತಲೆಗಿಷ್ಟು ಎಂದು ಬಿಲ್ಲಿಗೆ ಸೇರುವ ಸಾಮಾನ್ಯ ಟಿಪ್ಸ್ ಅಲ್ಲ, ಅದರ ಜೊತೆಗೆ ಇನ್ನೊಂದು. ಇಷ್ಟಾಗಿಯೂ ಮುಖ್ಯ ಭೋಜನಶಾಲೆಯ ಊಟಕ್ಕೆ ನಾವು ಟಿಕೆಟ್ಟಿನಲ್ಲಿ ಕೊಟ್ಟ ಹಣದಲ್ಲಿ ಒಂದು ಪೈಸೆಯೂ ವಾಪಸ್ಸು ಬರುವುದಿಲ್ಲ.

ಹಾಗೆಂದು ಸ್ಪೆಷಾಲಿಟಿ ರೆಸ್ಟೋರೆಂಟ್ ಬೇಡವೇ ಬೇಡವೆಂದು ನಾನು ಹೇಳುತ್ತಿಲ್ಲ. ಇಟಾಲಿಯನ್ ರೆಸ್ಟೋರೆಂಟಿನಲ್ಲಿ ಸಸ್ಯಾಹಾರಿಗಳಿಗೆ ನಿಜವಾದ ಆಯ್ಕೆಯಿದೆ, ಮತ್ತು ಪಾಸ್ತಾ ಎಂಬುದು ಆಗಿಂದಾಗಲೇ ಬೇಯಿಸಿದಾಗ ಎಷ್ಟು ಬೇರೆ ಎಂಬುದು ಅಲ್ಲಿ ತಿಳಿಯುತ್ತದೆ. ಮಕ್ಕಳಿದ್ದರೆ ಜಪಾನೀ ಶೈಲಿಯ ತೆಪ್ಪನ್‌ಯಾಕಿ ಒಳ್ಳೆಯದು: ಕಾದ ಕಬ್ಬಿಣದ ದೊಡ್ಡ ಹಲಗೆಯ ಸುತ್ತ ನಮ್ಮನ್ನೇ ಕೂರಿಸಿ ಅಡುಗೆಯವನು ಎದುರಿಗೇ ಅನ್ನ, ತರಕಾರಿ, ತೋಫು ಹುರಿದು ನೇರ ತಟ್ಟೆಗೆ ಹಾಕುತ್ತಾನೆ. ಆದರೆ ಅದೇ ಹಲಗೆಯ ಮೇಲೆ ಸಿಗಡಿಯೂ ಕೋಳಿಯೂ ಬೇಯುತ್ತವೆ ಎಂಬುದನ್ನು ಕಟ್ಟುನಿಟ್ಟಿನ ಸಸ್ಯಾಹಾರಿಗಳು ಮೊದಲೇ ತಿಳಿದಿರಬೇಕು. ಅತ್ತೆಯವರನ್ನು ನಾವು ಅಲ್ಲಿಗೆ ಕರೆದೊಯ್ಯಲಿಲ್ಲ. ಮಾಂಸಾಹಾರಿಗಳಿಗಂತೂ ಸ್ಟೇಕ್‌ಹೌಸಿನ ಒಂದು ಸಂಜೆ ಸಾರ್ಥಕವೆಂದು ನಮ್ಮ ಸ್ನೇಹಿತರು ಈಗಲೂ ಹೇಳುತ್ತಾರೆ.

ಈಚೆಗೆ ಇವೆರಡರ ನಡುವಿನ ಗೆರೆ ಮಾಸುತ್ತಿರುವುದು ಮಾತ್ರ ನನಗೆ ಬೇಸರ ತರಿಸಿದೆ. ಕೆಲವು ಕಂಪನಿಗಳು ಮುಖ್ಯ ಭೋಜನಶಾಲೆಯ ಮೆನುವಿನಲ್ಲೇ ಹೆಚ್ಚಿನ ಹಣ ಕೊಟ್ಟು ಪಡೆಯಬೇಕಾದ ಸ್ಟೇಕನ್ನು ಸೇರಿಸಿವೆ; ಕಾರ್ನಿವಲ್‌ನಲ್ಲಿ ಮೂರನೆಯ ಮುಖ್ಯ ತಿನಿಸು ಕೇಳಿದರೆ ಅದಕ್ಕೆ ಶುಲ್ಕವಿದೆ. ಎಲ್ಲ ಸೇರಿದ ಊಟವೆಂದು ಮಾರಿದ ಮೇಲೆ ಅದೇ ಮೇಜಿನ ಮೇಲೆ ಬೆಲೆಯ ಚೀಟಿ ಕಾಣಿಸುವುದು ಸರಿಯಲ್ಲ. ಇದಕ್ಕೆ ಎದುರಾದ ದಾರಿ ಹಿಡಿದವರೂ ಇದ್ದಾರೆ. 2021ರಲ್ಲಿ ಪ್ರಯಾಣ ಆರಂಭಿಸಿದ ವರ್ಜಿನ್ ವಾಯೇಜಸ್ ಮುಖ್ಯ ಭೋಜನಶಾಲೆಯನ್ನೇ ತೆಗೆದುಹಾಕಿ, ಚಿಕ್ಕ ಚಿಕ್ಕ ರೆಸ್ಟೋರೆಂಟ್‌ಗಳನ್ನೆಲ್ಲ ಟಿಕೆಟ್ಟಿನೊಳಗೇ ಸೇರಿಸಿತು; ಅದರಲ್ಲಿ ಮಕ್ಕಳಿಗೆ ಪ್ರವೇಶವಿಲ್ಲವಾದ್ದರಿಂದ ನಮ್ಮಂಥ ಕೂಡುಕುಟುಂಬಗಳಿಗೆ ಅದು ಒದಗುವುದಿಲ್ಲ. 2018ರ ಸೆಲೆಬ್ರಿಟಿ ಎಡ್ಜ್ ಹಡಗಿನಲ್ಲಿ ಒಂದೇ ದೊಡ್ಡ ಹಾಲಿಗೆ ಬದಲಾಗಿ ನಾಲ್ಕು ಮುಖ್ಯ ರೆಸ್ಟೋರೆಂಟ್‌ಗಳನ್ನು ಮಾಡಿ, ಅವುಗಳನ್ನು ಟಿಕೆಟ್ಟಿನೊಳಗೇ ಇಟ್ಟರು. ಸೆಲೆಬ್ರಿಟಿಯವರ ಈ ದಾರಿ ಎಲ್ಲರೂ ಅನುಸರಿಸಬೇಕಾದದ್ದೆಂದು ನನಗನಿಸುತ್ತದೆ.

ಒಂದು ಸಂಜೆಗಾದರೂ ಸ್ಪೆಷಾಲಿಟಿ ರೆಸ್ಟೋರೆಂಟ್ ಬೇಕೆಂದು ತೀರ್ಮಾನಿಸಿದವರು ಸಂಜೆಯನ್ನು ಯೋಚಿಸಿ ಆರಿಸಬೇಕು. ಹಡಗು ಹತ್ತಿದ ಮೊದಲ ರಾತ್ರಿ ಜನ ಇನ್ನೂ ಕ್ಯಾಬಿನ್ ಹುಡುಕುತ್ತಿರುವುದರಿಂದ ಹಲವು ಹಡಗುಗಳಲ್ಲಿ ಆ ರಾತ್ರಿಗೆ ರಿಯಾಯಿತಿ ಕೊಡುತ್ತಾರೆ. ಬಂದರಿಗೆ ಹೋಗದೆ ಸಮುದ್ರದಲ್ಲೇ ಕಳೆಯುವ ದಿನ ಕೆಲವು ರೆಸ್ಟೋರೆಂಟ್‌ಗಳು ಮಧ್ಯಾಹ್ನವೂ ತೆರೆದಿದ್ದು, ಆಗಿನ ದರ ರಾತ್ರಿಗಿಂತ ಕಡಿಮೆ. ಫಾರ್ಮಲ್ ನೈಟ್ ಎಂದು ಸೂಟು, ರೇಷ್ಮೆ ಸೀರೆ ಉಟ್ಟು ಹೋಗುವ ಸಂಜೆಯಂದು ಮುಖ್ಯ ಭೋಜನಶಾಲೆಯ ಮೆನುವೇ ಎಲ್ಲಕ್ಕಿಂತ ಸಮೃದ್ಧವಾಗಿರುತ್ತದೆ, ಆ ದಿನ ಹೊರಗೆ ಬುಕ್ ಮಾಡಬೇಡಿ. ಆ ದಿನದ ಮೆನುವನ್ನು ಕಂಪನಿಯ ಆ್ಯಪ್‌ನಲ್ಲಿ ಬೆಳಿಗ್ಗೆಯೇ ನೋಡಬಹುದಾದ್ದರಿಂದ, ನಮ್ಮ ಮನೆಯವರು ಕಾಫಿ ಕುಡಿಯುತ್ತಲೇ ಸಂಜೆಯ ಊಟವನ್ನು ನಿರ್ಧರಿಸುವ ರೂಢಿ ಮಾಡಿಕೊಂಡಿದ್ದಾರೆ. ಬುಕ್ ಮಾಡಿ ಹೋಗಲಾಗದಿದ್ದರೆ ಸಾಮಾನ್ಯವಾಗಿ 24 ಗಂಟೆ ಮುಂಚೆ ರದ್ದು ಮಾಡಬೇಕು, ಇಲ್ಲದಿದ್ದರೆ ಹಣ ಕಡಿತವಾಗುತ್ತದೆ. ಬುಕ್ ಮಾಡಿದ ಸಂಜೆಯ ವಿಷಯವನ್ನು ಭೋಜನಶಾಲೆಯ ನಿಮ್ಮ ವೇಟರ್‌ಗೂ ಹಿಂದಿನ ದಿನವೇ ಹೇಳಿಬಿಡಿ, ನಿಮಗಾಗಿ ಬೇರೆಯಾಗಿ ಬೇಯಿಸುವ ಬೇಳೆ ಅಂದು ವ್ಯರ್ಥವಾಗುವುದು ತಪ್ಪುತ್ತದೆ.