ಹವ್ಯಾಸಿಯ ಮೇಜಿಗೆ ಎಂಥ ಪವರ್ ಸಪ್ಲೈ?

ಹಳೆಯ 12 ವೋಲ್ಟ್ ಅಡಾಪ್ಟರಿಗೆ 7805 ರೆಗ್ಯುಲೇಟರ್ ಜೋಡಿಸಿ 5 ವೋಲ್ಟ್ ಪಡೆಯುತ್ತಿದ್ದ ದಿನಗಳಲ್ಲಿ, ಅರ್ಧ ಆಂಪಿಯರ್ ಎಳೆದ ಕೂಡಲೇ ಆ ಪುಟ್ಟ ಬಿಡಿಭಾಗ ಮುಟ್ಟಲಾಗದಷ್ಟು ಕಾಯುವುದೇಕೆಂದು ನನಗೆ ತಿಳಿದಿರಲಿಲ್ಲ. ಮಿಕ್ಕ 7 ವೋಲ್ಟ್ ಅದರಲ್ಲಿಯೇ 3.5 ವಾಟ್ ಶಾಖವಾಗಿ ಪೋಲಾಗುತ್ತದೆ. ಶಾಖವನ್ನು ಹೊರಹಾಕುವ ಲೋಹದ ಹೀಟ್‌ಸಿಂಕ್ ಇಲ್ಲದೆ ಅದು ತಾಳದು. ಇಂಥಲ್ಲಿ ಅಷ್ಟು ಶಾಖವಿಲ್ಲದೆ ವೋಲ್ಟೇಜ್ ಇಳಿಸುವ ಎಲ್‌ಎಂ2596 ಬಕ್ ಕನ್ವರ್ಟರ್ ಮೇಲು, ಆದರೆ ಅದರ ರಿಪಲ್ (ಹೊರಬರುವ ವೋಲ್ಟೇಜಿನ ಸಣ್ಣ ಏರಿಳಿತ) ಸೂಕ್ಷ್ಮ ಆಡಿಯೊ ಸರ್ಕ್ಯೂಟ್‌ಗಳಿಗೆ ತೊಂದರೆ ಕೊಡಬಹುದು.

ಹೊಸದಾಗಿ ಕೊಳ್ಳುವುದಾದರೆ 30 ವೋಲ್ಟ್, 5 ಆಂಪಿಯರಿನ ಬೆಂಚ್ ಸಪ್ಲೈಯನ್ನೇ (ವೋಲ್ಟೇಜನ್ನು ಬೇಕಾದಂತೆ ಹೊಂದಿಸಬಲ್ಲ ಮೇಜಿನ ಪವರ್ ಸಪ್ಲೈ) ಆರಿಸುವೆನು. ಈ ಅಂಕಿಗಳಿಗಿಂತಲೂ ಮುಖ್ಯವಾದದ್ದು ಅದರ ಕರೆಂಟ್ ಲಿಮಿಟ್, ಅಂದರೆ ಹರಿಯುವ ಕರೆಂಟಿಗೆ ನಾವು ಹಾಕುವ ಗರಿಷ್ಠ ಮಿತಿ. ಹೊಸ ಸರ್ಕ್ಯೂಟನ್ನು ಮೊದಲ ಬಾರಿ ಚಾಲೂ ಮಾಡುವಾಗ ಮಿತಿಯನ್ನು 50 ಮಿಲಿಆಂಪಿಯರಿಗೆ ಇಟ್ಟರೆ, ತಂತಿಗಳು ಅದಲುಬದಲಾಗಿದ್ದರೂ ಐಸಿ (ಚಿಪ್) ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ (ಇದನ್ನು ಕಲಿಯಲು ನಾನು ಸುಟ್ಟ ಐಸಿಗಳ ಲೆಕ್ಕ ಬೇಡ). ವೈಫೈ ಇರುವ ಇಎಸ್‌ಪಿ8266 ಚಿಪ್ ಮಾತ್ರ ಕ್ಷಣಕಾಲ 300 ಮಿಲಿಆಂಪಿಯರಿನಷ್ಟು ಎಳೆಯಬಲ್ಲದಾದ್ದರಿಂದ, ಅದಕ್ಕೆ ಮಿತಿಯನ್ನು ಅರ್ಧ ಆಂಪಿಯರಿಗಾದರೂ ಏರಿಸಬೇಕು.